ಒಂದು ಸಾಲಿನ ಹಿಂದೆ ಒಂದು ಆಯುಷ್ಯ

ವಿಶ್ವವಿದ್ಯಾನಿಲಯಗಳು ಹೊರಡಿಸುವ ಪರಿಚಯ ಪುಸ್ತಿಕೆಗಳನ್ನು ವಾಚಕರಲ್ಲಿ ಅನೇಕರು ನೋಡಿರಬಹುದು. ಬಿ.ಎಸ್‌ಸಿ. ಮುಗಿಸಿದ ಮಗನೋ ಮಗಳೋ ಮನೆಯಲ್ಲಿದ್ದರೆ ಅಂಥದೊಂದು ಪುಸ್ತಿಕೆ ಊಟದ ಮನೆಯವರೆಗೂ ಬಂದು ಕುಳಿತಿರುತ್ತದೆ. ಶುಲ್ಕವೆಷ್ಟು, ವಿದ್ಯಾರ್ಥಿನಿಲಯದ ವ್ಯವಸ್ಥೆ ಹೇಗೆ, ಅರ್ಜಿಗೆ ಕಡೆಯ ದಿನ ಯಾವುದು ಎಂಬುದನ್ನು ತಂದೆತಾಯಿಗಳು ಬೆರಳಿಟ್ಟು ಓದುತ್ತಾರೆ. ಪ್ರಾಧ್ಯಾಪಕರ ಹೆಸರುಗಳಿರುವ ಪುಟ ಬಂದೊಡನೆ ಮಗುಚಿ ಹಾಕುತ್ತಾರೆ. ಅಲ್ಲಿ ಒಂದೊಂದು ಹೆಸರಿನ ಕೆಳಗೂ ‘ಸಂಶೋಧನೆಯ ಆಸಕ್ತಿ’ ಎಂದು ಒಂದೊಂದು ಸಾಲು. ನರವಿಜ್ಞಾನದ ವಿಭಾಗವಾದರಂತೂ ಆ ಸಾಲುಗಳು ಬಲು ವಿಚಿತ್ರವಾಗಿರುತ್ತವೆ. ಒಬ್ಬರಿಗೆ ಇಲಿ ದಾರಿ ಹುಡುಕುವ ಬಗೆಯಲ್ಲಿ ಆಸಕ್ತಿ; ಇನ್ನೊಬ್ಬರಿಗೆ ಕೋತಿಯ ಕಣ್ಣು ಹೊರಳುವ ರೀತಿಯಲ್ಲಿ; ಮತ್ತೊಬ್ಬರಿಗೆ ಮರೆವಿನಲ್ಲಿ.

ಇದನ್ನು ಓದಿದ ಗೃಹಸ್ಥನಿಗೆ ಒಂದು ಸಂದೇಹ ಹುಟ್ಟುವುದು ಸಹಜ. “ನಾನು ಕಚೇರಿಯಲ್ಲಿ ಕೆಲಸ ಮಾಡಿದರೆ ಸಂಬಳ. ಇವರಿಗೆ ಆಸಕ್ತಿಗೂ ಸಂಬಳವೇ? ಇಲಿ ದಾರಿ ಹುಡುಕಿದರೆಷ್ಟು, ಬಿಟ್ಟರೆಷ್ಟು?” ಈ ಪ್ರಶ್ನೆಯನ್ನು ಅಲ್ಲಗಳೆಯುವಂತಿಲ್ಲ. ಸಾರ್ವಜನಿಕರ ಹಣ ಎಲ್ಲಿ ವ್ಯಯವಾಗುತ್ತಿದೆ ಎಂದು ಕೇಳುವ ಹಕ್ಕು ಎಲ್ಲರಿಗೂ ಉಂಟು. ಉತ್ತರವನ್ನು ಬರಿಯ ಉಪದೇಶದಲ್ಲಿ ಕೊಡುವುದಕ್ಕಿಂತ ಒಂದು ವಿಶ್ವವಿದ್ಯಾನಿಲಯದ ನಾಲ್ಕಾರು ಮಂದಿ ಪ್ರಾಧ್ಯಾಪಕರ ಆಸಕ್ತಿಗಳು ಎಲ್ಲಿಂದ ಹೊರಟು ಎಲ್ಲಿಗೆ ಮುಟ್ಟಿದವೆಂಬುದನ್ನು ನೋಡುವುದು ಮೇಲು. ಅದಕ್ಕೆ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾನಿಲಯಕ್ಕಿಂತ ಒಳ್ಳೆಯ ಉದಾಹರಣೆ ದೊರೆಯುವುದು ಕಷ್ಟ.

ಅಲ್ಲಿ 1934ರಲ್ಲಿ ಒಂದು ನರರೋಗ ಸಂಸ್ಥೆ ಪ್ರಾರಂಭವಾಯಿತು. ಸ್ಥಾಪಕರು ವೈಲ್ಡರ್ ಪೆನ್‌ಫೀಲ್ಡ್ ಎಂಬ ಶಸ್ತ್ರವೈದ್ಯರು. ಅವರಿಗೆ ರೂತ್ ಎಂಬ ಒಬ್ಬಳೇ ಸೋದರಿ. ಆಕೆಯ ಮಿದುಳಿನಲ್ಲಿ ಗೆಡ್ಡೆ ಬೆಳೆದಾಗ 1928ರಲ್ಲಿ ಶಸ್ತ್ರಚಿಕಿತ್ಸೆ ಮಾಡಿದವರು ಸ್ವತಃ ಆಕೆಯ ತಮ್ಮನೇ. ಗೆಡ್ಡೆಯನ್ನು ಪೂರ್ತಿಯಾಗಿ ತೆಗೆಯಲಾಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಆಕೆ ತೀರಿಕೊಂಡಳು. ಮಿದುಳಿನ ವಿಷಯದಲ್ಲಿ ವೈದ್ಯರು ತಿಳಿದಿರುವುದು ಎಷ್ಟು ಅಲ್ಪವೆಂಬುದು ಪೆನ್‌ಫೀಲ್ಡರಿಗೆ ಆಗ ಮನೆಯೊಳಗಿನ ದುಃಖವಾಗಿಯೇ ತಿಳಿಯಿತು. ಶಸ್ತ್ರವೈದ್ಯರು, ನರವೈದ್ಯರು, ಮನಶ್ಶಾಸ್ತ್ರಜ್ಞರು ಎಲ್ಲರೂ ಒಂದೇ ಸೂರಿನ ಕೆಳಗೆ ಕೆಲಸ ಮಾಡುವ ಸಂಸ್ಥೆಯೊಂದು ಬೇಕೆಂಬ ಅವರ ಹಂಬಲ ಅಲ್ಲಿಂದ ಬಲವಾಯಿತು.

ಪೆನ್‌ಫೀಲ್ಡರ ಆಸಕ್ತಿ ಅಪಸ್ಮಾರ ರೋಗ. ಔಷಧಕ್ಕೆ ಬಗ್ಗದ ಮೂರ್ಛೆಯುಳ್ಳವರ ಮಿದುಳಿನಲ್ಲಿ ಕೆಟ್ಟ ಭಾಗವನ್ನು ಹುಡುಕಿ ತೆಗೆಯುವುದು ಅವರ ವಿಧಾನ. ಮಿದುಳಿಗೆ ತನ್ನದೇ ಆದ ನೋವಿನ ಅರಿವಿಲ್ಲ. ಆದ್ದರಿಂದ ತಲೆಯ ಚರ್ಮಕ್ಕೆ ಮಾತ್ರ ಮರಗಟ್ಟಿಸುವ ಮದ್ದು ಕೊಟ್ಟು, ರೋಗಿ ಎಚ್ಚರವಾಗಿರುವಾಗಲೇ ಅವರು ಮಿದುಳನ್ನು ಸಣ್ಣ ವಿದ್ಯುತ್ತಿನಿಂದ ಮುಟ್ಟಿ ನೋಡುತ್ತಿದ್ದರು. ಇಲ್ಲಿ ಮುಟ್ಟಿದರೆ ಹೆಬ್ಬೆರಳು ಅಲುಗಿತು, ಅಲ್ಲಿ ಮುಟ್ಟಿದರೆ ತುಟಿ ಜುಮುಗುಟ್ಟಿತು, ಮತ್ತೊಂದೆಡೆ ಮುಟ್ಟಿದರೆ ಆಡುತ್ತಿದ್ದ ಮಾತು ನಿಂತಿತು. ಮಾತು ನಿಂತ ಜಾಗಕ್ಕೆ ಕತ್ತಿ ತಾಗಿಸಬಾರದು! ಹೀಗೆ ರೋಗಿಯನ್ನು ಕಾಪಾಡುವುದಕ್ಕೆಂದು ಗುರುತು ಹಾಕುತ್ತ ಹೋದುದರಿಂದ ಮಿದುಳಿನ ಮೇಲೆ ದೇಹದ ಒಂದು ನಕ್ಷೆಯೇ ಸಿದ್ಧವಾಯಿತು. 1937ರಲ್ಲಿ ಅದು ಪ್ರಕಟವಾದಾಗ ಜನರಿಗೆ ಆಶ್ಚರ್ಯ. ಬೆನ್ನಿಗೂ ತೊಡೆಗೂ ಅಲ್ಲಿ ಸ್ವಲ್ಪವೇ ಸ್ಥಳ. ಕೈಬೆರಳು, ತುಟಿ, ನಾಲಗೆಗಳಿಗೆ ವಿಸ್ತಾರವಾದ ಜಹಗೀರು. ವೀಣೆ ನುಡಿಸುವ ಬೆರಳಿಗೂ ಮಾತಾಡುವ ನಾಲಗೆಗೂ ಬೆನ್ನಿಗಿಂತ ಹೆಚ್ಚು ಆಡಳಿತ ಬೇಕಲ್ಲವೇ?

ಅದೇ ಸಂಸ್ಥೆಗೆ 1937ರಲ್ಲಿ ಡೊನಾಲ್ಡ್ ಹೆಬ್ ಎಂಬವರು ಬಂದರು. ಮೊದಲು ಶಾಲೆಯ ಉಪಾಧ್ಯಾಯರಾಗಿದ್ದವರು. ಕಾದಂಬರಿಕಾರರಾಗಬೇಕೆಂಬ ಬಯಕೆಯೂ ಅವರಿಗಿದ್ದಿತು. ಹುಡುಗರು ಏಕೆ ಕಲಿಯುತ್ತಾರೆ, ಏಕೆ ಕಲಿಯುವುದಿಲ್ಲ ಎಂಬ ಮೇಷ್ಟರ ಹಳೆಯ ಚಿಂತೆ ಅವರನ್ನು ಕಡೆಯವರೆಗೂ ಬಿಡಲಿಲ್ಲ. 1949ರಲ್ಲಿ ಅವರು ಪ್ರಕಟಿಸಿದ ಗ್ರಂಥದಲ್ಲಿ ಒಂದು ಊಹೆಯನ್ನು ಮುಂದಿಟ್ಟರು. ಒಂದು ನರಕೋಶವು ಇನ್ನೊಂದನ್ನು ಮತ್ತೆ ಮತ್ತೆ ಎಚ್ಚರಿಸುತ್ತಿದ್ದರೆ ಅವೆರಡರ ನಡುವಣ ಸಂಧಿ ಗಟ್ಟಿಯಾಗುತ್ತದೆ, ಕಲಿಯುವುದೆಂದರೆ ಇದೇ. ಹೊಲದ ನಡುವೆ ಜನ ನಡೆದು ನಡೆದು ಕಾಲುದಾರಿ ಮೂಡುವಂತೆ, ಬಳಕೆಯಿಂದಲೇ ಮಿದುಳಿನಲ್ಲಿ ದಾರಿ ಮೂಡುತ್ತದೆ ಎಂಬುದು ಅದರ ತಾತ್ಪರ್ಯ. ಆಗ ಅದನ್ನು ಕಣ್ಣಾರೆ ತೋರಿಸುವ ಸಾಧನವಿರಲಿಲ್ಲ. 24 ವರ್ಷಗಳ ತರುವಾಯ, 1973ರಲ್ಲಿ, ಬ್ಲಿಸ್ ಮತ್ತು ಲೋಮೋ ಎಂಬ ವಿಜ್ಞಾನಿಗಳು ಮೊಲದ ಮಿದುಳಿನಲ್ಲಿ ಅಂತಹ ಗಟ್ಟಿಯಾಗುವಿಕೆಯನ್ನು ಅಳೆದು ತೋರಿಸಿದರು.

ಹೆಬ್ಬರು ಮಾಡಿದ ಇನ್ನೊಂದು ಕೆಲಸ ಗೃಹಿಣಿಯರಿಗೆ ನಗೆ ತರಿಸೀತು. ಪ್ರಯೋಗಶಾಲೆಯ ಕೆಲವು ಇಲಿಗಳನ್ನು ಅವರು ಮನೆಗೇ ತಂದು ಮಕ್ಕಳೊಡನೆ ಬೆಳೆಯಲು ಬಿಟ್ಟರು. ಕುರ್ಚಿ ಮೇಜುಗಳ ಕೆಳಗೆಲ್ಲ ಓಡಾಡಿ ಬೆಳೆದ ಆ ಇಲಿಗಳನ್ನು ಮತ್ತೆ ಪರೀಕ್ಷೆಗೆ ಒಡ್ಡಿದಾಗ, ಪಂಜರದಲ್ಲಿಯೇ ಬೆಳೆದ ತಮ್ಮ ನೆಂಟರಿಗಿಂತ ಅವು ಬೇಗನೆ ಕಗ್ಗಂಟಿನ ಹಾದಿಗಳನ್ನು ಬಿಡಿಸಿದವು. ಬಾಲ್ಯದ ಪರಿಸರವು ಬುದ್ಧಿಯ ಮೇಲೆ ಮಾಡುವ ಪರಿಣಾಮವನ್ನು ಕುರಿತ ಎಷ್ಟೋ ಸಂಶೋಧನೆಗಳಿಗೆ ಈ ಮನೆಯ ಇಲಿಗಳು ನಾಂದಿ ಹಾಡಿದವು. ಮಗು ಮನೆಯ ಸಾಮಾನನ್ನೆಲ್ಲ ಎಳೆದಾಡುತ್ತದೆಂದು ಗದರಿಸುವವರು ಇದನ್ನು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬಹುದು.

ಈಗ ಮೂರನೆಯ ಹೆಸರು. ಬ್ರೆಂಡಾ ಮಿಲ್ನರ್ ಹುಟ್ಟಿದ್ದು 1918ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ. 1944ರಲ್ಲಿ ಕೆನಡಾ ಸೇರಿ, ಹೆಬ್ಬರ ಶಿಷ್ಯೆಯಾಗಿ, ಪೆನ್‌ಫೀಲ್ಡರ ರೋಗಿಗಳನ್ನು ಪರೀಕ್ಷಿಸುವ ಕಾರ್ಯಕ್ಕೆ ತೊಡಗಿದರು. ಅವರ ಆಸಕ್ತಿಯನ್ನು ಒಂದೇ ಮಾತಿನಲ್ಲಿ ಹೇಳಬಹುದು: ನೆನಪು. ಪೆನ್‌ಫೀಲ್ಡರು ಮಿದುಳಿನ ಒಂದು ಪಕ್ಕದಲ್ಲಿ ಮಾತ್ರ ಶಸ್ತ್ರಚಿಕಿತ್ಸೆ ಮಾಡುತ್ತಿದ್ದರು. ಆದರೂ ಇಬ್ಬರು ರೋಗಿಗಳಿಗೆ ವಿಚಿತ್ರವಾದ ಮರೆವು ಬಂದಿತು. ಆ ವರದಿಯನ್ನು ಓದಿದ ಅಮೆರಿಕದ ಹಾರ್ಟ್‌ಫರ್ಡ್ ನಗರದ ಶಸ್ತ್ರವೈದ್ಯ ವಿಲಿಯಂ ಸ್ಕೊವಿಲ್ ಅವರು ತಮ್ಮಲ್ಲಿಯೂ ಅಂಥ ರೋಗಿಯಿರುವನೆಂದು ತಿಳಿಸಿದರು. 1955ರಲ್ಲಿ ಮಿಲ್ನರ್ ಅಲ್ಲಿಗೆ ಹೊರಟರು.

ಆ ರೋಗಿಯನ್ನು ವಿಜ್ಞಾನಲೋಕ ಅರ್ಧ ಶತಮಾನದ ಕಾಲ ಎಚ್. ಎಂ. ಎಂಬ ಎರಡಕ್ಷರಗಳಿಂದಲೇ ಕರೆಯಿತು. ಹೆನ್ರಿ ಮೊಲೈಸನ್ ಎಂಬ ಪೂರ್ಣ ಹೆಸರು ಲೋಕಕ್ಕೆ ತಿಳಿದದ್ದು 2008ರಲ್ಲಿ ಆತ ತೀರಿಕೊಂಡ ಮೇಲೆ. ಬಾಲ್ಯದಿಂದ ಮೂರ್ಛೆ, ಯೌವನದಲ್ಲಿ ಅದು ಉಲ್ಬಣಿಸಿ ದುಡಿಯುವುದೂ ಅಸಾಧ್ಯವಾಯಿತು. 1953ರಲ್ಲಿ, ಆತನಿಗೆ 27 ವರ್ಷವಾಗಿದ್ದಾಗ, ಸ್ಕೊವಿಲ್ ಅವರು ಕಪೋಲದ ಕಡೆಯ ಮಿದುಳಿನ ಒಳಭಾಗವನ್ನು ಎರಡು ಪಕ್ಕಗಳಲ್ಲಿಯೂ ತೆಗೆದರು. ಕಡಲಕುದುರೆಯ ಆಕಾರವನ್ನು ಹೋಲುವುದರಿಂದ ಹಿಪ್ಪೊಕ್ಯಾಂಪಸ್ ಎಂದು ಹೆಸರು ಪಡೆದ ಅಂಗದ ಬಹುಭಾಗ ಅದರೊಡನೆ ಹೋಯಿತು. ಮೂರ್ಛೆಯೇನೋ ತಗ್ಗಿತು. ಆದರೆ ಅಂದಿನಿಂದ ಆತನಿಗೆ ಹೊಸದಾಗಿ ಯಾವುದೂ ನೆನಪಿನಲ್ಲಿ ನಿಲ್ಲದಂತಾಯಿತು.

ಮಿಲ್ನರ್ ಪರೀಕ್ಷಿಸಿದ ದಿನ 1955ರ ಏಪ್ರಿಲ್ ತಿಂಗಳಾಗಿದ್ದಿತು. ಇದು ಯಾವ ತಿಂಗಳೆಂದು ಕೇಳಿದರೆ ಆತ 1953ರ ಮಾರ್ಚ್ ಎಂದ. ವಯಸ್ಸು ಕೇಳಿದರೆ 27 ಎಂದ. ಬುದ್ಧಿಯನ್ನು ಅಳೆದರೆ ಶಸ್ತ್ರಚಿಕಿತ್ಸೆಗೆ ಮುಂಚೆ 104 ಇದ್ದ ಅಂಕ 112ಕ್ಕೆ ಏರಿದ್ದಿತು. ಮಾತು ಸೌಮ್ಯ, ನಡತೆ ಸಭ್ಯ, ಹಳೆಯ ನೆನಪುಗಳು ಬಹುಮಟ್ಟಿಗೆ ಭದ್ರ. ಆದರೆ ಕೋಣೆಯಿಂದ ಹೊರಗೆ ಹೋಗಿ ಮತ್ತೆ ಒಳಗೆ ಬಂದವರು ಆತನಿಗೆ ಹೊಸಬರೇ.

ಒಂದು ದಿನ ಮಿಲ್ನರ್ ಆತನಿಗೆ ಒಂದು ಕೆಲಸ ಕೊಟ್ಟರು. ಕಾಗದದ ಮೇಲೆ ಎರಡು ಗೆರೆಗಳಲ್ಲಿ ಬರೆದ ನಕ್ಷತ್ರ. ಕೈಯನ್ನಾಗಲಿ ಕಾಗದವನ್ನಾಗಲಿ ನೇರವಾಗಿ ನೋಡುವಂತಿಲ್ಲ, ಕನ್ನಡಿಯಲ್ಲಿ ನೋಡುತ್ತ ಆ ಎರಡು ಗೆರೆಗಳ ನಡುವೆ ಪೆನ್ಸಿಲು ನಡೆಸಬೇಕು. ಮೊದಲು ಯಾರ ಕೈಯಾದರೂ ತಡವರಿಸುತ್ತದೆ, ಅಭ್ಯಾಸದಿಂದ ಕುದುರುತ್ತದೆ. ಮೂರು ದಿನ ಮಾಡಿಸಿದಾಗ ಹೆನ್ರಿಯ ಕೈ ದಿನದಿನಕ್ಕೂ ಪಳಗುತ್ತ ಬಂದಿತು. ಆದರೆ ಪ್ರತಿದಿನವೂ ಅದು ತನಗೆ ಹೊಚ್ಚ ಹೊಸ ಕೆಲಸವೆಂದೇ ಆತನ ಭಾವನೆ. ಅದನ್ನು ಹಿಂದೆ ಮಾಡಿದ್ದು ಮನಸ್ಸಿಗೆ ತಿಳಿಯದು, ಕೈಗೆ ತಿಳಿದಿತ್ತು! ನೆನಪೆಂಬುದು ಒಂದೇ ಉಗ್ರಾಣವಲ್ಲ, ಬೇರೆ ಬೇರೆ ಬಗೆಯ ನೆನಪುಗಳಿಗೆ ಮಿದುಳಿನಲ್ಲಿ ಬೇರೆ ಬೇರೆ ಕೋಣೆಗಳಿವೆ ಎಂಬುದು ಹೀಗೆ ಬೆಳಕಿಗೆ ಬಂದಿತು.

ವೃದ್ಧರಿರುವ ಮನೆಗಳಲ್ಲಿ ಇದರ ಅರ್ಥ ಬೇಗ ತಿಳಿಯುತ್ತದೆ. ಬೆಳಗ್ಗೆ ಬಂದುಹೋದ ಮಗಳನ್ನು ಸಂಜೆಯೊಳಗೆ ಮರೆತ ಅಜ್ಜಿ, ಹೂವು ಮತ್ತು ದಾರವನ್ನು ಕೈಗಿತ್ತರೆ ಒಂದು ಗಂಟೂ ತಪ್ಪದಂತೆ ಮಾಲೆ ಕಟ್ಟಿ ಮುಗಿಸಬಹುದು. “ಇದೆಲ್ಲ ನಾಟಕ, ಬೇಕಾದದ್ದು ಮಾತ್ರ ನೆನಪಿರುತ್ತದೆ” ಎಂದು ಆಡಿಕೊಳ್ಳುವವರು ಇದ್ದಾರೆ. ಅದು ನಾಟಕವಲ್ಲ. ಆಲ್‌ಝೈಮರ್ ಎಂಬ ಮರೆವಿನ ರೋಗವು ಸಾಮಾನ್ಯವಾಗಿ ಮೊದಲು ಹಿಡಿಯುವುದು ಹಿಪ್ಪೊಕ್ಯಾಂಪಸ್ಸನ್ನೂ ಅದರ ನೆರೆಯನ್ನೂ. ಕೈಯ ಅಭ್ಯಾಸಗಳು ನೆಲೆಸಿರುವುದು ಬೇರೆಡೆ. ಇಷ್ಟು ತಿಳಿದರೆ ರೋಗ ವಾಸಿಯಾಗದು, ನಿಜ. ಆದರೆ ಒಬ್ಬ ಮುದುಕಿಯ ಮೇಲೆ ಹೊರಿಸಿದ ಸುಳ್ಳಿನ ಅಪವಾದ ತಪ್ಪುತ್ತದೆ. ಅದು ಸಣ್ಣ ಉಪಕಾರವಲ್ಲ.

ಮೆಕ್‌ಗಿಲ್ಲಿನಲ್ಲಿಯೇ ಬ್ರೆಂಡಾ ಅವರ ಪತಿ ಪೀಟರ್ ಮಿಲ್ನರ್ ಇದ್ದರು. ಇಂಜಿನಿಯರ್ ವೃತ್ತಿಯಿಂದ ಮನಶ್ಶಾಸ್ತ್ರಕ್ಕೆ ಬಂದವರು. ಅವರೂ ಜೇಮ್ಸ್ ಓಲ್ಡ್ಸ್ ಎಂಬವರೂ ಸೇರಿ ಇಲಿಯ ಮಿದುಳಿನಲ್ಲಿ ಸಣ್ಣ ತಂತಿ ಇಡುವ ಪ್ರಯೋಗ ನಡೆಸಿದ್ದರು. ಒಂದು ಇಲಿಯಲ್ಲಿ ತಂತಿ ಗುರಿ ತಪ್ಪಿ ಬೇರೊಂದು ಜಾಗದಲ್ಲಿ ಕುಳಿತಿತು. ಮೇಜಿನ ಯಾವ ಮೂಲೆಯಲ್ಲಿ ವಿದ್ಯುತ್ತು ದೊರೆಯಿತೋ ಆ ಮೂಲೆಗೇ ಇಲಿ ಮತ್ತೆ ಮತ್ತೆ ಹೋಗತೊಡಗಿತು. ತಾನೇ ಒತ್ತಿಕೊಳ್ಳುವಂತೆ ಒಂದು ಸನ್ನೆಯನ್ನು ಒದಗಿಸಿದಾಗ, ಕೆಲವು ಇಲಿಗಳು ಗಂಟೆಗೆ ಸಾವಿರ ಸಲವನ್ನೂ ಮೀರಿ ಒತ್ತಿದವು. 1954ರಲ್ಲಿ ಪ್ರಕಟವಾದ ಈ ಸಂಗತಿಯಿಂದ ಮಿದುಳಿನಲ್ಲಿ ಸುಖಕ್ಕೆ ಸಂಬಂಧಿಸಿದ ಪ್ರದೇಶಗಳಿವೆಯೆಂದು ತಿಳಿಯಿತು. ಕುಡಿತ, ಜೂಜು ಮೊದಲಾದ ಚಟಗಳನ್ನು ಬರಿಯ ದುರ್ಗುಣವೆಂದು ಬಿಡದೆ ಮಿದುಳಿನ ದೃಷ್ಟಿಯಿಂದ ನೋಡುವ ಹಾದಿ ತೆರೆದದ್ದು ಇಲ್ಲಿಂದ.

ಹೆಬ್ಬರ ಮತ್ತೊಬ್ಬ ಶಿಷ್ಯ ರೊನಾಲ್ಡ್ ಮೆಲ್‌ಝ್ಯಾಕ್. ಅವರ ಆಸಕ್ತಿ ನೋವು. ಬೆನ್ನುಹುರಿಯಲ್ಲಿ ನೋವಿಗೆ ಒಂದು ಬಾಗಿಲಿದೆ, ಅದನ್ನು ಕೆಳಗಿನಿಂದ ಬರುವ ಸ್ಪರ್ಶವೂ ಮೇಲಿನಿಂದ ಬರುವ ಮನಸ್ಸಿನ ಆಜ್ಞೆಯೂ ಮುಚ್ಚಬಲ್ಲವು ಎಂಬ ವಾದವನ್ನು ಅವರು ಪ್ಯಾಟ್ರಿಕ್ ವಾಲ್ ಅವರೊಡನೆ 1965ರಲ್ಲಿ ಮಂಡಿಸಿದರು. ಎಡವಿದ ಕಾಲನ್ನು ತಾಯಿ ಉಜ್ಜಿದರೆ ಮಗುವಿಗೆ ಹಾಯೆನಿಸುವುದೇಕೆ ಎಂಬುದಕ್ಕೆ ಅದರಲ್ಲಿ ಒಂದು ಸಮಾಧಾನವಿದೆ. ವಾದದ ವಿವರಗಳು ತರುವಾಯ ಬಹಳಷ್ಟು ತಿದ್ದುಪಡಿ ಕಂಡವು. ಆದರೆ ನೋವಿನಲ್ಲಿ ಮಿದುಳಿಗೂ ಪಾಲಿದೆ ಎಂಬ ಮಾತು ನಿಂತಿತು. ಮೆಲ್‌ಝ್ಯಾಕ್ ರೋಗಿಗಳು ನೋವನ್ನು ಬಣ್ಣಿಸುವ ಮಾತುಗಳನ್ನೂ ಕಲೆಹಾಕಿ, 1975ರಲ್ಲಿ 78 ಪದಗಳ ಒಂದು ಪ್ರಶ್ನಾವಳಿಯನ್ನು ಹೊರತಂದರು. ನಮ್ಮಲ್ಲಿಯೂ ಉರಿ, ಸೆಳೆತ, ಸಿಡಿತ, ಚಳಕು, ಹಿಂಡುವುದು, ಕುಟುಕುವುದು ಎಂದು ಎಷ್ಟು ಬಗೆಗಳಿಲ್ಲ! ರೋಗಿಯ ಮಾತನ್ನು ಗೊಣಗಾಟವೆಂದು ತಳ್ಳದೆ ಸಾಕ್ಷ್ಯವೆಂದು ಸ್ವೀಕರಿಸಿದ್ದು ಅವರ ದೊಡ್ಡತನ. ಅವರ ಬಳಿ ಕಲಿತ ಜಾನ್ ಓಕೀಫ್ ಎಂಬ ವಿದ್ಯಾರ್ಥಿ ಲಂಡನ್ನಿಗೆ ಹೋಗಿ, ಇಲಿ ಎಲ್ಲಿ ನಿಂತಿದೆಯೆಂಬುದನ್ನು ಸೂಚಿಸುವ ನರಕೋಶಗಳನ್ನು 1971ರಲ್ಲಿ ಅದೇ ಹಿಪ್ಪೊಕ್ಯಾಂಪಸ್ಸಿನಲ್ಲಿ ಕಂಡುಹಿಡಿದರು. 2014ರಲ್ಲಿ ನೊಬೆಲ್ ಪಾರಿತೋಷಕ ಮೂವರಿಗೆ ಹಂಚಿಕೆಯಾದಾಗ ಅವರಲ್ಲಿ ಓಕೀಫ್ ಒಬ್ಬರು. ಇಲಿ ದಾರಿ ಹುಡುಕಿದರೆಷ್ಟು, ಬಿಟ್ಟರೆಷ್ಟು ಎಂದ ಗೃಹಸ್ಥನಿಗೆ ಇದೊಂದು ಉತ್ತರ.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಲೇಖನ ಸೊಗಸಾದೀತು, ಸತ್ಯವಾಗದು. ಅದೇ ಮೆಕ್‌ಗಿಲ್ಲಿಗೆ ಸೇರಿದ ಅಲನ್ ಸ್ಮಾರಕ ಸಂಸ್ಥೆಯಲ್ಲಿ ಇವೆನ್ ಕ್ಯಾಮರಾನ್ ಎಂಬ ಮನೋವೈದ್ಯರಿದ್ದರು. 1961ರಲ್ಲಿ ಜಾಗತಿಕ ಮನೋವೈದ್ಯ ಸಂಘಕ್ಕೆ ಪ್ರಥಮ ಅಧ್ಯಕ್ಷರಾದಷ್ಟು ದೊಡ್ಡ ಹೆಸರು. ಕೆಟ್ಟ ಮನಸ್ಸನ್ನು ಅಳಿಸಿ ಹೊಸದಾಗಿ ಬರೆಯುವುದು ಅವರ ಆಸಕ್ತಿ. ಅದಕ್ಕಾಗಿ ರೋಗಿಗಳಿಗೆ ಮೇಲಿಂದ ಮೇಲೆ ವಿದ್ಯುದಾಘಾತ ಕೊಟ್ಟರು, ವಾರಗಟ್ಟಲೆ ಮದ್ದಿನ ನಿದ್ರೆಯಲ್ಲಿ ಮಲಗಿಸಿದರು, ಒಂದೇ ಮಾತನ್ನು ಧ್ವನಿಸುರುಳಿಯಿಂದ ಸಾವಿರಾರು ಸಲ ಕೇಳಿಸಿದರು. 1957ರಿಂದ ಇದಕ್ಕೆ ಅಮೆರಿಕದ ಗುಪ್ತಚರ ಸಂಸ್ಥೆ ಸಿ.ಐ.ಎ.ಯ ಹಣವೂ ಮರೆಯಿಂದ ಬಂದಿತು. ಚಿಕಿತ್ಸೆಗೆಂದು ಬಂದವರಿಗೆ ತಾವು ಪ್ರಯೋಗದ ವಸ್ತುಗಳೆಂಬುದು ತಿಳಿದಿರಲಿಲ್ಲ. ಹಲವರು ತಮ್ಮ ಮಕ್ಕಳ ಗುರುತನ್ನೂ ಕಳೆದುಕೊಂಡು ಮನೆಗೆ ಮರಳಿದರು. 1992ರಲ್ಲಿ ಕೆನಡಾ ಸರ್ಕಾರ ಅವರಲ್ಲಿ ಕೆಲವರಿಗೆ ತಲಾ 1,00,000 ಡಾಲರ್ ಪರಿಹಾರ ಕೊಟ್ಟಿತು. ಕಳೆದುಹೋದ ನೆನಪಿಗೆ ಯಾವ ನಾಣ್ಯ ಸಮವಾದೀತು?

ಹೆನ್ರಿಯೂ ನೆನಪನ್ನು ಕಳೆದುಕೊಂಡವನೇ. ವ್ಯತ್ಯಾಸವೇನು ಎಂದು ಕೇಳಬಹುದು. ಸ್ಕೊವಿಲ್ ತಮ್ಮ ಕೈಯಿಂದಾದ ಅನರ್ಥವನ್ನು ಬಚ್ಚಿಡಲಿಲ್ಲ. 1957ರಲ್ಲಿ ಮಿಲ್ನರ್ ಅವರೊಡನೆ ಅದನ್ನು ಪ್ರಕಟಿಸಿ, ಇನ್ನಾರೂ ಎರಡು ಪಕ್ಕಗಳಲ್ಲಿ ಈ ಶಸ್ತ್ರಕ್ರಿಯೆ ಮಾಡಬಾರದೆಂದು ಎಚ್ಚರಿಸಿದರು. ಒಬ್ಬನ ನಷ್ಟ ನೂರಾರು ಮಂದಿಗೆ ರಕ್ಷೆಯಾಯಿತು. ಆದರೂ ಆ ನಷ್ಟ ನಷ್ಟವೇ. ಆತನ ಹೆಸರಿನಲ್ಲಿ ಬೆಳೆದ ಶಾಸ್ತ್ರವೆಷ್ಟೇ ದೊಡ್ಡದಾಗಲಿ, ಆತನಿಗೆ ಅದರಲ್ಲಿ ಒಂದು ವಾಕ್ಯವೂ ನೆನಪಿನಲ್ಲಿ ಉಳಿಯಲಿಲ್ಲ.

ನಮ್ಮ ಬೆಂಗಳೂರಿಗೂ ಈ ಕಥೆಗೂ ಕೊಂಡಿಯಿದೆ. ಓಲ್ಡ್ಸ್ ಮತ್ತು ಮಿಲ್ನರ್ ಕಂಡ ಆ ಸನ್ನೆಯೊತ್ತುವ ಇಲಿಗಳ ಪ್ರಯೋಗವನ್ನು 1990ರ ದಶಕದಲ್ಲಿ ನಿಮ್ಹಾನ್ಸ್ ಸಂಸ್ಥೆಯ ಬಿ. ಎಸ್. ಶಂಕರನಾರಾಯಣ ರಾವ್ ಮತ್ತು ಅವರ ಸಂಗಡಿಗರು ಮುಂದುವರಿಸಿ, ಅಂಥ ಸುಖಾನುಭವದಿಂದ ಇಲಿಯ ನರಕೋಶಗಳ ಕವಲುಗಳು ಹೆಚ್ಚುವುದನ್ನು ತೋರಿಸಿದರು. 2002ರಲ್ಲಿ ಜೀವವಿಜ್ಞಾನಗಳ ರಾಷ್ಟ್ರೀಯ ಕೇಂದ್ರದ ಸುಮಂತ್ರ ಚಟರ್ಜಿ ಅವರ ತಂಡ ರಾವ್ ಅವರೊಡನೆ ಸೇರಿ ಇದರ ಇನ್ನೊಂದು ಮುಖವನ್ನು ನೋಡಿತು. ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗದಂತೆ ಕಟ್ಟಿಹಾಕಿದ ಇಲಿಗಳಲ್ಲಿ ಹಿಪ್ಪೊಕ್ಯಾಂಪಸ್ಸಿನ ಕವಲುಗಳು ಕುಗ್ಗಿದವು. ಭಯಕ್ಕೆ ಸಂಬಂಧಿಸಿದ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗದಲ್ಲಿ ಕವಲುಗಳು ಬೆಳೆದವು. 21 ದಿನಗಳ ವಿಶ್ರಾಂತಿ ಕೊಟ್ಟಾಗ ಕುಗ್ಗಿದ್ದು ಚೇತರಿಸಿಕೊಂಡಿತು, ಭಯದ ಬೆಳವಣಿಗೆ ಮಾತ್ರ ಉಳಿಯಿತು ಎಂದು 2004ರಲ್ಲಿ ವರದಿಯಾಯಿತು. ಇಲಿಯ ಮಾತನ್ನು ಹಾಗೆಯೇ ಮಕ್ಕಳಿಗೆ ಅನ್ವಯಿಸಲಾಗದು. ಆದರೂ ಹೆದರಿಸಿ ಕಲಿಸಿದರೆ ಪಾಠ ಮರೆತುಹೋಗಿ ಹೆದರಿಕೆಯೇ ಉಳಿದೀತೆಂಬ ಹಿರಿಯರ ಅನುಭವಕ್ಕೆ ಇದು ವಿರೋಧವಾಗಿಲ್ಲ.

ಇನ್ನು ಮರೆವಿನ ವಿಷಯ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ವರ್ಷ ದಾಟಿದ 10,000 ಮಂದಿಯನ್ನು ವರ್ಷಗಟ್ಟಲೆ ಪರೀಕ್ಷಿಸುತ್ತ ಹೋಗುವ ಗುರಿಯುಳ್ಳ ಅಧ್ಯಯನವೊಂದನ್ನು ಭಾರತೀಯ ವಿಜ್ಞಾನ ಮಂದಿರದ ಆವರಣದಲ್ಲಿರುವ ಮಿದುಳು ಸಂಶೋಧನ ಕೇಂದ್ರ ಕೈಗೊಂಡಿದೆ. ಮಾಂಟ್ರಿಯಲ್ಲಿನಲ್ಲಿ ಒಬ್ಬನ ಮರೆವಿನಿಂದ ಕಲಿತದ್ದಾಯಿತು. ಇಲ್ಲಿ ಹತ್ತು ಸಾವಿರ ಮಂದಿಯಲ್ಲಿ ಮರೆವು ಬರುವ ಮುಂಚೆಯೇ ಅದರ ಹೆಜ್ಜೆಯ ಗುರುತನ್ನು ಹುಡುಕುವ ಪ್ರಯತ್ನ.

ಆದ್ದರಿಂದ, ಮನೆಗೆ ಬಂದ ಪುಸ್ತಿಕೆಯಲ್ಲಿ ಪ್ರಾಧ್ಯಾಪಕರ ಪುಟವನ್ನು ಮಗುಚುವ ಮೊದಲು ತಂದೆತಾಯಿಗಳು ಮಕ್ಕಳೊಡನೆ ಕುಳಿತು ಅದನ್ನು ಓದುವುದು ಒಳ್ಳೆಯದು. ಪ್ರತಿಯೊಂದು ಸಾಲಿಗೂ ಮೂರು ಪ್ರಶ್ನೆ ಹಾಕಬೇಕು. ಇವರು ಹುಡುಕುತ್ತಿರುವ ಸಂಗತಿ ಏನು? ಯಾರ ಕಷ್ಟದಿಂದ ಆ ಪ್ರಶ್ನೆ ಹುಟ್ಟಿತು? ಯಾರ ಮೇಲೆ ಪ್ರಯೋಗ ನಡೆಯುತ್ತದೋ ಅವರಿಗೆ ವಿಷಯ ತಿಳಿಸಿ, ಒಪ್ಪಿಗೆ ಪಡೆದಿದ್ದಾರೆಯೇ? ಮೊದಲೆರಡು ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ಒಳ್ಳೆಯ ಸಂಶೋಧಕರು. ಮೂರನೆಯದಕ್ಕೂ ಅಳುಕದೆ ಉತ್ತರಿಸುವವರ ಬಳಿಗೆ ಮಗಳನ್ನೋ ಮಗನನ್ನೋ ನಿಶ್ಚಿಂತೆಯಿಂದ ಕಳುಹಿಸಬಹುದು.